ಪಿಸ್ಟನ್ ರಿಂಗಿನ ಸವೆತ ಮತ್ತು ಅದರ ಪರೀಕ್ಷೆಯ ಚರಿತ್ರೆ

ಹಳೆಯ ಎಂಜಿನ್ನೊಂದನ್ನು ಬಿಚ್ಚಿ ಪಿಸ್ಟನ್ನುಗಳನ್ನು ಹೊರತೆಗೆದ ಮೇಲೆ ಕುಶಲಕರ್ಮಿಯ ಎದುರಿಗೆ ಮೂರು ದಾರಿಗಳಿರುತ್ತವೆ. ಇದ್ದುದನ್ನು ಶುಚಿಮಾಡಿ ಮತ್ತೆ ಜೋಡಿಸಬಹುದು. ಪಿಸ್ಟನ್ನುಗಳನ್ನು ಉಳಿಸಿಕೊಂಡು ರಿಂಗುಗಳನ್ನು ಮಾತ್ರ ಬದಲಾಯಿಸಬಹುದು. ಇಲ್ಲವೆ ಸಿಲಿಂಡರನ್ನು ಬೋರು ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ನುಗಳನ್ನು ಹಾಕಬಹುದು. ಮೊದಲನೆಯ ಎರಡರಲ್ಲಿ ತಪ್ಪಿದರೆ ತಿದ್ದಿಕೊಳ್ಳಲು ಅವಕಾಶವುಂಟು. ಮೂರನೆಯದರಲ್ಲಿ ಕೊರೆದು ತೆಗೆದ ಲೋಹವು ಮರಳಿ ಬರುವುದಿಲ್ಲ. ಎರಡು ಮೂರು ಬಾರಿ ಕೊರೆದ ಮೇಲೆ ಸಿಲಿಂಡರಿನ ಗೋಡೆ ತೆಳುವಾಗಿ, ಕೊನೆಗೆ ಒಳತೋಳನ್ನು ತೊಡಿಸಬೇಕಾಗುತ್ತದೆ. ತಯಾರಿಕೆಯೇ ನಿಂತುಹೋಗಿರುವ ಎಂಜಿನ್ನಿಗೆ ದೊಡ್ಡ ಅಳತೆಯ ಪಿಸ್ಟನ್ನು ದೊರೆಯುವುದೂ ದುರ್ಲಭ. ಆದುದರಿಂದ ಸವೆತವನ್ನು ಸರಿಯಾಗಿ ನಿರ್ಣಯಿಸುವುದು ಕೇವಲ ಕಸುಬಿನ ಅಚ್ಚುಕಟ್ಟಿನ ವಿಷಯವಲ್ಲ. ಯಂತ್ರದ ಮುಂದಿನ ಆಯುಸ್ಸೇ ಅದನ್ನು ಅವಲಂಬಿಸಿದೆ.

ಈ ನಿರ್ಣಯದ ಕ್ರಮವು ಹೇಗೆ ಬೆಳೆದುಬಂದಿತೆಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ. ತಂತ್ರವಿದ್ಯೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಇದನ್ನು ಕಿವಿಯಿಂದ ಮಾಪಕಕ್ಕೆ, ಅಂದಾಜಿನಿಂದ ಅಂಕಿಗೆ ನಡೆದ ಪ್ರಗತಿಯೆಂದು ವರ್ಣಿಸುತ್ತಾರೆ. ಈ ವರ್ಣನೆ ಸುಳ್ಳಲ್ಲವಾದರೂ ಅಪೂರ್ಣವೆಂದು ನಮಗೆ ತೋರುತ್ತದೆ. ಸವೆತವೆಷ್ಟು ಎಂಬುದನ್ನು ಸಾವಿರದಲ್ಲೊಂದು ಅಂಗುಲದವರೆಗೆ ಅಳೆಯಬಲ್ಲವರಾದ ಬಹುಕಾಲದ ಮೇಲೂ, ಅದು ಎಲ್ಲಿ ಆಯಿತು, ಯಾವುದರಿಂದ ಆಯಿತು ಎಂಬ ಪ್ರಶ್ನೆಗಳಿಗೆ ಎಂಜಿನಿಯರರಲ್ಲಿ ಸಮರ್ಪಕವಾದ ಉತ್ತರವಿರಲಿಲ್ಲ. ಆ ಉತ್ತರ ದೊರೆತುದು 1930ರ ದಶಕದಲ್ಲಿ. ಅದು ದೊರೆತ ಮೇಲೆ ಹಳೆಯ ಅಂಕಿಗಳಿಗೇ ಹೊಸ ಅರ್ಥ ಬಂದಿತು.

ಮೊದಮೊದಲಿನ ಉಗಿಯಂತ್ರಗಳಲ್ಲಿ ಸವೆತವೆಂಬುದು ಪ್ರತ್ಯೇಕ ಸಮಸ್ಯೆಯಾಗಿರಲಿಲ್ಲ, ಸೋರಿಕೆಯೇ ಸಮಸ್ಯೆ. 1712ರಲ್ಲಿ ಇಂಗ್ಲೆಂಡಿನ ಡಡ್ಲಿ ಕ್ಯಾಸಲ್ ಸಮೀಪದಲ್ಲಿ ಥಾಮಸ್ ನ್ಯೂಕಮನ್ ನಿಲ್ಲಿಸಿದ ಯಂತ್ರದಲ್ಲಿ ಪಿಸ್ಟನ್ನಿನ ಅಂಚಿಗೆ ತೊಗಲನ್ನು ಕಟ್ಟಿ, ಅದರ ಮೇಲೆ ನೀರನ್ನು ನಿಲ್ಲಿಸಿದ್ದರು. ಸಿಲಿಂಡರಿನ ಒಳಮೈ ಎಷ್ಟೇ ಡೊಂಕಾಗಿದ್ದರೂ ಆ ನೀರು ಸಂದುಗಳನ್ನು ಮುಚ್ಚುತ್ತಿದ್ದಿತು. ಜೇಮ್ಸ್ ವಾಟನಿಗೆ ಈ ಅನುಕೂಲವಿರಲಿಲ್ಲ. ಆತನು 1769ರಲ್ಲಿ ಪೇಟೆಂಟು ಪಡೆದ ಪ್ರತ್ಯೇಕ ಸಾಂದ್ರಕದ ಯಂತ್ರದಲ್ಲಿ ಸಿಲಿಂಡರು ಸದಾ ಬಿಸಿಯಾಗಿರಬೇಕಾಗಿದ್ದಿತು. ಪಿಸ್ಟನ್ನಿನ ಮೇಲೆ ತಣ್ಣೀರು ನಿಂತರೆ ಆ ಯಂತ್ರದ ತತ್ತ್ವಕ್ಕೇ ಭಂಗ. ಹೀಗಾಗಿ ಎಣ್ಣೆಬಟ್ಟೆ, ಬಿರಡೆಮರ, ಕಾಗದ, ಹಳೆಯ ಟೋಪಿಗಳು ಮೊದಲಾದುವನ್ನೆಲ್ಲ ಪಿಸ್ಟನ್ನಿನ ಸುತ್ತ ತುಂಬಿ ನೋಡಬೇಕಾಯಿತು. ಈ ಕಷ್ಟವನ್ನು ಪರಿಹರಿಸಿದವನು ಜಾನ್ ವಿಲ್ಕಿನ್ಸನ್. ಫಿರಂಗಿಗಳನ್ನು ಕೊರೆಯುವ ವಿಧಾನಕ್ಕೆ 1774ರಲ್ಲಿ ಪೇಟೆಂಟು ಪಡೆದಿದ್ದ ಆತನು, ಕೊರೆಯುವ ದಂಡವನ್ನು ಎರಡು ತುದಿಗಳಲ್ಲಿಯೂ ಆಧರಿಸಿ ಸಿಲಿಂಡರುಗಳನ್ನು ಕೊರೆಯುವ ಯಂತ್ರವನ್ನು ನಿರ್ಮಿಸಿದನು. 1776ರಲ್ಲಿ ಟಿಪ್ಟನ್ನಿನಲ್ಲಿ ನಿಲ್ಲಿಸಿದ 50 ಅಂಗುಲ ವ್ಯಾಸದ ಸಿಲಿಂಡರಿನ ದೋಷವು ಎಲ್ಲಿಯೂ ಒಂದು ಹಳೆಯ ಶಿಲ್ಲಿಂಗ್ ನಾಣ್ಯದ ದಪ್ಪವನ್ನು ಮೀರುವುದಿಲ್ಲವೆಂದು ವಾಟನ ಪಾಲುದಾರ ಬೋಲ್ಟನ್ ಹೆಮ್ಮೆಪಟ್ಟುಕೊಂಡನು.

ಆ ನಾಣ್ಯದ ದಪ್ಪ ಸುಮಾರು ಒಂದು ಮಿಲಿಮೀಟರು. ಇಂದಿನ ಮೋಟಾರು ಸೈಕಲ್ಲಿನ ಸಿಲಿಂಡರಿನಲ್ಲಿ ಅದರ ಹತ್ತನೆಯ ಒಂದು ಭಾಗದಷ್ಟು ದೋಷವಿದ್ದರೂ ಅದು ಬೋರು ಮಾಡಿಸಲು ಯೋಗ್ಯವೆನಿಸುತ್ತದೆ. ಆದರೆ ಇಲ್ಲಿ ಗಮನಿಸತಕ್ಕ ಅಂಶ ಅಳತೆಯ ಸ್ಥೂಲತೆಯಲ್ಲ, ಅಳತೆಯ ಸಂದರ್ಭ. ಬೋಲ್ಟನ್ ಅಳೆದುದು ಹೊಸ ಸಿಲಿಂಡರನ್ನು. ಓಡಿದ ಸಿಲಿಂಡರನ್ನು ಅಳೆಯುವ ಅಗತ್ಯ ಅವನ ಕಾಲದವರಿಗೆ ಅಷ್ಟಾಗಿ ತೋರಲಿಲ್ಲ. ಪಿಸ್ಟನ್ನಿನ ಸುತ್ತ ಕೊಬ್ಬು ಸವರಿದ ಸೆಣಬಿನ ನಾರನ್ನು ಬಿಗಿದಿರುತ್ತಿದ್ದರು. ನಾರು ಸವೆದಂತೆ ಮೇಲಿನ ತಟ್ಟೆಯ ತಿರುಪುಗಳನ್ನು ಬಿಗಿಮಾಡುವುದು, ಇನ್ನೂ ಸವೆದರೆ ಹೊಸ ನಾರನ್ನು ತುಂಬುವುದು, ಇಷ್ಟೇ ಪರಿಚರ್ಯೆ. ನಾರು ಎಲ್ಲ ಡೊಂಕುಗಳಿಗೂ ಹೊಂದಿಕೊಳ್ಳುತ್ತಿದ್ದುದರಿಂದ ಸಿಲಿಂಡರಿನ ಸವೆತ ಕಣ್ಣಿಗೆ ಬೀಳದೆ ಮರೆಯಲ್ಲಿಯೇ ಉಳಿಯಿತು. 1797ರಲ್ಲಿ ಎಡ್ಮಂಡ್ ಕಾರ್ಟ್‌ರೈಟ್ ಲೋಹದ ತುಂಡುಗಳಿಂದಾದ ಬಂಧವನ್ನು ಸೂಚಿಸಿದನಾದರೂ ನಾರಿನ ರೂಢಿ ಮುಂದೆಯೂ ಬಹುಕಾಲ ನಡೆಯಿತು.

ಈ ಮರೆಯನ್ನು ತೆಗೆದವನು ಜಾನ್ ರಾಮ್ಸ್‌ಬಾಟಮ್. ಲಂಡನ್ ಅಂಡ್ ನಾರ್ತ್ ವೆಸ್ಟರ್ನ್ ರೈಲ್ವೆಯ ಲೋಕೋಮೋಟಿವ್ ಅಧಿಕಾರಿಯಾಗಿದ್ದ ಆತನು 1852ರಲ್ಲಿ ಹೊಸ ಬಗೆಯ ಪಿಸ್ಟನ್ನಿಗೆ ಪೇಟೆಂಟು ಪಡೆದು, 1854ರಲ್ಲಿ ಅದರ ವಿವರಗಳನ್ನು ಮೆಕ್ಯಾನಿಕಲ್ ಎಂಜಿನಿಯರರ ಸಂಸ್ಥೆಯ ಮುಂದಿಟ್ಟನು. ಪಿಸ್ಟನ್ನಿನ ಮೈಯಲ್ಲಿ ಕಿರಿದಾದ ತೋಡುಗಳನ್ನು ಕೊರೆದು, ಒಂದೆಡೆ ಕತ್ತರಿಸಿದ ಲೋಹದ ಬಳೆಯನ್ನು ಪ್ರತಿಯೊಂದರಲ್ಲಿಯೂ ಕೂರಿಸುವುದು ಅವನ ಉಪಾಯ. ಬಿಡಿಯಾಗಿರುವಾಗ ಬಳೆಯ ವ್ಯಾಸ ಸಿಲಿಂಡರಿನ ವ್ಯಾಸಕ್ಕಿಂತ ಸುಮಾರು ಹತ್ತರಲ್ಲೊಂದು ಪಾಲು ಹೆಚ್ಚು. ಅದುಮಿ ಒಳಗಿಟ್ಟಾಗ ಅದು ತನ್ನ ಸ್ವಂತ ಪುಟಿತದಿಂದಲೇ ಗೋಡೆಗೆ ಒತ್ತಿಕೊಳ್ಳುತ್ತದೆ. ತಿರುಪನ್ನು ಬಿಗಿಮಾಡುವವರು ಯಾರೂ ಬೇಕಿಲ್ಲ. ಸೋರಿಕೆ, ಘರ್ಷಣೆ, ಪಿಸ್ಟನ್ನಿನ ತೂಕ ಮೂರೂ ಒಮ್ಮೆಲೇ ಇಳಿದುವು.

ನಮ್ಮ ವಿಷಯಕ್ಕೆ ಇದಕ್ಕಿಂತಲೂ ಮುಖ್ಯವಾದುದು ಮರುವರ್ಷದ ಸಂಗತಿ. ಓಡಿಬಂದ ಬಳೆಗಳನ್ನು ತೆಗೆದು ನೋಡಿದಾಗ ಅವು ಸುತ್ತಲೂ ಒಂದೇ ಸಮನಾಗಿ ಸವೆದಿರಲಿಲ್ಲ. ದುಂಡಾದ ಬಳೆಯನ್ನು ಕತ್ತರಿಸಿ ಅದುಮಿದರೆ ಅದರ ಒತ್ತಡ ಕೆಲವೆಡೆ ಹೆಚ್ಚು, ಕೆಲವೆಡೆ ಕಡಿಮೆ. ಒತ್ತಡ ಹೆಚ್ಚಿದ್ದಲ್ಲಿ ಸವೆತವೂ ಹೆಚ್ಚು. ರಾಮ್ಸ್‌ಬಾಟಮ್ ಇದರಿಂದ ತೆಗೆದ ನಿರ್ಣಯ ಬಹು ಸೂಕ್ಷ್ಮವಾದುದು. ಸಿಲಿಂಡರಿನೊಳಗೆ ದುಂಡಾಗಿ ಸಮನಾಗಿ ಒತ್ತಬೇಕಾದರೆ ಬಳೆಯು ಹೊರಗೆ ದುಂಡಾಗಿರಕೂಡದು. ಅದನ್ನು ಬೇರೊಂದು ನಿಯತವಾದ ಆಕಾರದಲ್ಲಿ ಮಾಡಬೇಕು. 1855ರಲ್ಲಿ ಈ ಆಕಾರವನ್ನು ವಿವರಿಸಿದ ಅವನು, ಅಂತಹ ಬಳೆಯ ಆಯುಸ್ಸನ್ನು ಸುಮಾರು 4000 ಮೈಲಿಯೆಂದು ಗಣಿಸಿದನು. ಸವೆದ ಬಳೆಯನ್ನು ಎಸೆಯದೆ, ಅದನ್ನೊಂದು ದಾಖಲೆಯಂತೆ ಓದಿ, ಸವೆತದ ಸ್ಥಾನದಿಂದ ಕಾರಣವನ್ನು ತರ್ಕಿಸಿದ ಮೊದಲಿಗರಲ್ಲಿ ಅವನೊಬ್ಬನೆಂದು ನಾವು ಎಣಿಸುತ್ತೇವೆ. ರಿಂಗನ್ನು ಕಂಡುಹಿಡಿದುದಕ್ಕಾಗಿ ಅವನನ್ನು ಎಲ್ಲರೂ ಹೊಗಳುತ್ತಾರೆ. ಈ ಓದುವಿಕೆಯನ್ನು ನೆನೆಯುವವರು ವಿರಳ.

1862ರಲ್ಲಿ ಮಿಲ್ಲರ್ ಎಂಬ ಎಂಜಿನಿಯರನು ಉಗಿಯ ಒತ್ತಡವನ್ನೇ ಬಳೆಯ ಬೆನ್ನಹಿಂದೆ ಬಿಟ್ಟು, ಅದನ್ನು ಗೋಡೆಗೆ ಒತ್ತುವ ಏರ್ಪಾಡನ್ನು ತಿಳಿಸಿದನು. ಪೆಟ್ರೋಲು ಮತ್ತು ಡೀಸೆಲ್ ಎಂಜಿನ್ನುಗಳಿಗೆ ಈ ತತ್ತ್ವವೇ ಆಧಾರವಾಗಿದೆ. ಉರಿದ ಅನಿಲವು ಮೇಲಿನ ರಿಂಗಿನ ಹಿಂದೆ ನುಗ್ಗಿ ಅದನ್ನು ಬಲವಾಗಿ ಹೊರಕ್ಕೆ ಒತ್ತುತ್ತದೆ. ಎರಡನೆಯ, ಮೂರನೆಯ ರಿಂಗುಗಳಿಗೆ ತಲುಪುವ ಒತ್ತಡ ಕ್ರಮವಾಗಿ ಕಡಿಮೆ. ಆದುದರಿಂದ ಮೇಲಿನ ರಿಂಗು, ಅದು ತನ್ನ ಪ್ರಯಾಣದ ತುದಿಯಲ್ಲಿ ಒಂದು ಕ್ಷಣ ನಿಲ್ಲುವ ಜಾಗ, ಮತ್ತು ಅದು ಕೂರುವ ತೋಡು, ಈ ಮೂರೂ ಉಳಿದೆಲ್ಲಕ್ಕಿಂತ ಬೇಗ ಸವೆಯುತ್ತವೆ. ಆ ತುದಿಯಲ್ಲಿ ಚಲನೆ ನಿಲ್ಲುವುದರಿಂದ ಎಣ್ಣೆಯ ಪೊರೆಯೂ ತೆಳುವಾಗುತ್ತದೆ. ಇದರ ಪರಿಣಾಮವಾಗಿ ಸಿಲಿಂಡರಿನ ಮೇಲ್ಭಾಗದಲ್ಲಿ ರಿಂಗು ಮುಟ್ಟದ ಎತ್ತರಕ್ಕೂ ಮುಟ್ಟುವ ಎತ್ತರಕ್ಕೂ ನಡುವೆ ಒಂದು ಏಣು ಏಳುತ್ತದೆ. ಹಳೆಯ ಎಂಜಿನ್ನಿನ ತಲೆಯನ್ನು ತೆಗೆದೊಡನೆ ಅನುಭವಸ್ಥನು ಉಗುರಿನಿಂದ ತಡವಿ ನೋಡುವುದು ಈ ಏಣನ್ನೇ.

ಅಳತೆಯ ಉಪಕರಣಗಳ ಚರಿತ್ರೆ ಬೇರೆಡೆ ವಿಸ್ತಾರವಾಗಿ ಬಂದಿರುವುದರಿಂದ ಇಲ್ಲಿ ಹೆಸರಿಸಿದರೆ ಸಾಕು. ಪ್ಯಾರಿಸಿನ ಪಾಮರನು ತಿರುಪಿನ ಮೈಕ್ರೋಮೀಟರಿಗೆ 1848ರಲ್ಲಿ ಪೇಟೆಂಟು ಪಡೆದನು. 1867ರ ಪ್ಯಾರಿಸ್ ಪ್ರದರ್ಶನದಲ್ಲಿ ಅದನ್ನು ಕಂಡ ಅಮೆರಿಕದ ಬ್ರೌನ್ ಅಂಡ್ ಶಾರ್ಪ್ ಸಂಸ್ಥೆಯವರು ಅದನ್ನು ಕಾರ್ಖಾನೆಯ ಜೇಬಿಗೆ ತಂದರು. ಸ್ವೀಡನ್ನಿನ ಯೊಹಾನ್ಸನ್ನನ ಅಳತೆಯ ತುಂಡುಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇವೆಲ್ಲಕ್ಕೂ ಪ್ರಮಾಣವಾದುವು.

ಆದರೆ ಸಾಮಾನ್ಯ ವರ್ಕ್‌ಷಾಪಿನಲ್ಲಿ ಸಿಲಿಂಡರಿನ ಒಳವ್ಯಾಸವನ್ನು ಅಳೆಯುವ ಬೆಲೆಬಾಳುವ ಮಾಪಕವಿರುತ್ತಿರಲಿಲ್ಲ. ಅಲ್ಲಿ ರೂಢಿಗೆ ಬಂದ ಒಂದು ಸರಳ ವಿಧಾನವನ್ನು ನಾವು ಸ್ವಲ್ಪ ವಿವರವಾಗಿ ನೋಡುವುದು ಉಚಿತ. ಏಕೆಂದರೆ ಅದರಲ್ಲಿ ಗಣಿತದ ಅಂದವೂ ಇದೆ, ಅಪಾಯವೂ ಇದೆ. ಒಂದು ರಿಂಗನ್ನು ಸಿಲಿಂಡರಿನೊಳಗಿಟ್ಟು, ಪಿಸ್ಟನ್ನನ್ನು ತಲೆಕೆಳಗಾಗಿ ಇಳಿಸಿ ಅದನ್ನು ಸಮಮಟ್ಟಕ್ಕೆ ತಳ್ಳಿ, ರಿಂಗಿನ ಎರಡು ತುದಿಗಳ ನಡುವಣ ಸಂದನ್ನು ಫೀಲರ್ ಗೇಜಿನಿಂದ ಅಳೆಯುತ್ತಾರೆ. ಹೊಸ ರಿಂಗಿಗೆ ಒಂದಂಗುಲ ವ್ಯಾಸಕ್ಕೆ ಅಂಗುಲದ ಸಾವಿರದ ಮೂರು ನಾಲ್ಕು ಭಾಗಗಳಷ್ಟು ಸಂದಿರಬೇಕೆಂಬುದು ರೂಢಿಯ ನಿಯಮ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಟಿ ಮಾದರಿಯ ಕಾರಿನ ಬೋರು 3¾ ಅಂಗುಲ. ಅಂತಹ ಬೋರಿಗೆ ಈ ನಿಯಮದಂತೆ ಸಂದು 0.011ರಿಂದ 0.015 ಅಂಗುಲ. ಈಗ ಅದೇ ರಿಂಗನ್ನು ಮೊದಲು ಸಿಲಿಂಡರಿನ ಬುಡದಲ್ಲಿ, ರಿಂಗುಗಳು ಎಂದೂ ಮುಟ್ಟದ ಭಾಗದಲ್ಲಿಟ್ಟು ಅಳೆಯಬೇಕು. ಅನಂತರ ಏಣಿನ ಕೆಳಗಡೆಯೇ ಇಟ್ಟು ಅಳೆಯಬೇಕು. ಬುಡದಲ್ಲಿ 0.012, ಮೇಲೆ 0.043 ಬಂದಿತೆಂದು ಇಟ್ಟುಕೊಳ್ಳೋಣ. ವ್ಯತ್ಯಾಸ 0.031. ಸುತ್ತಳತೆಯು ವ್ಯಾಸದ 3.14ರಷ್ಟಿರುವುದರಿಂದ ಇದನ್ನು 3.14ರಿಂದ ಭಾಗಿಸಿದರೆ ವ್ಯಾಸದ ಸವೆತ 0.010 ಅಂಗುಲವೆಂದು ತಿಳಿಯುತ್ತದೆ. ಸಾಮಾನ್ಯ ಗಾತ್ರದ ಕಾರಿಗೆ ಬೋರು ಮಾಡಿಸುವ ಮಿತಿಯು ಹೆಚ್ಚುಕಡಮೆ ಇದೇ. ಹೀಗೆ ಅಗ್ಗದ ಉಪಕರಣವೊಂದು, ಸವೆತವನ್ನು ಮೂರು ಪಟ್ಟು ಹಿಗ್ಗಿಸಿ ತೋರಿಸುವ ಮಾಪಕವಾಗುತ್ತದೆ.

ಅಪಾಯವಿರುವುದು ಎಲ್ಲಿ? ಬುಡದ ಅಳತೆಯನ್ನು ಬಿಟ್ಟು, ಹಳೆಯ ರಿಂಗನ್ನು ಮೇಲ್ಭಾಗದಲ್ಲಿ ಮಾತ್ರ ಇಟ್ಟು ಅಳೆದರೆ ರಿಂಗಿನ ಸವೆತವೂ ಸಿಲಿಂಡರಿನ ಸವೆತವೂ ಬೆರೆತುಬಿಡುತ್ತವೆ. ರಿಂಗಿನ ಮುಖವು ಸವೆದಾಗ ಸಂದು ಇನ್ನೂ ವೇಗವಾಗಿ ಬೆಳೆಯುತ್ತದೆ. ಮುಖದಲ್ಲಿ ಸಾವಿರದಲ್ಲೊಂದು ಅಂಗುಲ ಹೋದರೆ ಸಂದಿನಲ್ಲಿ ಆರಕ್ಕಿಂತ ಹೆಚ್ಚು. ಆದ್ದರಿಂದ ಹಳೆಯ ರಿಂಗು ಬುಡದಲ್ಲಿ ತೋರಿಸುವ ಅಧಿಕ ಸಂದು ರಿಂಗಿನ ಸವೆತಕ್ಕೆ ಸಾಕ್ಷಿ, ಬುಡಕ್ಕೂ ಮೇಲಕ್ಕೂ ಇರುವ ವ್ಯತ್ಯಾಸ ಸಿಲಿಂಡರಿನ ಸವೆತಕ್ಕೆ ಸಾಕ್ಷಿ. ಈ ಎರಡನ್ನು ಬೇರ್ಪಡಿಸದವನು ರಿಂಗಿನ ತಪ್ಪಿಗೆ ಸಿಲಿಂಡರನ್ನು ದಂಡಿಸುತ್ತಾನೆ. ಮತ್ತೊಂದು ಮಿತಿಯೂ ಉಂಟು. ಸಂದು ತಿಳಿಸುವುದು ಸುತ್ತಳತೆಯನ್ನು ಮಾತ್ರ. ಸಿಲಿಂಡರು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಅದು ಸಂದಿನಲ್ಲಿ ಕಾಣುವುದಿಲ್ಲ. ಅದಕ್ಕೆ ಕ್ರ್ಯಾಂಕಿನ ಉದ್ದಕ್ಕೂ ಅಡ್ಡಕ್ಕೂ ಒಳವ್ಯಾಸವನ್ನು ಅಳೆಯಲೇಬೇಕು.

ಪಿಸ್ಟನ್ನಿನ ವಿಷಯದಲ್ಲಿ ಗೊಂದಲ ಬೇರೆ ತೆರನಾದುದು. ಎರಕದ ಕಬ್ಬಿಣದ ಪಿಸ್ಟನ್ನಿನ ಕಾಲದಲ್ಲಿ ಕಿವಿಯ ತೀರ್ಪಿಗೆ ಬೆಲೆಯಿದ್ದಿತು. ಪಿಸ್ಟನ್ನು ಟಕಟಕನೆ ಬಡಿದರೆ ಸಡಿಲವಾಗಿದೆಯೆಂದೇ ಅರ್ಥ. ಮೊದಲನೆಯ ಮಹಾಯುದ್ಧದ ಹೊತ್ತಿಗೆ ಅಲ್ಯುಮಿನಿಯಮ್ ಮಿಶ್ರಲೋಹದ ಪಿಸ್ಟನ್ನುಗಳು ಬಂದುವು. ಈ ಲೋಹವು ಕಾದಾಗ ಎರಕದ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಬಿಸಿಯಲ್ಲಿ ಸಿಕ್ಕಿಕೊಳ್ಳದಿರಬೇಕಾದರೆ ತಣ್ಣಗಿರುವಾಗ ಸಡಿಲವಾಗಿಯೇ ಇರಬೇಕು. ಬೆಳಗಿನ ಮೊದಲ ನಿಮಿಷಗಳಲ್ಲಿ ಬಡಿಯುವ ಎಂಜಿನ್ನು ಸವೆದುದೇ ಆಗಬೇಕಾಗಿಲ್ಲವೆಂದಾಯಿತು. ಅನಂತರ ಪಿಸ್ಟನ್ನನ್ನು ಬೇಕೆಂದೇ ಅಂಡಾಕಾರವಾಗಿ ಉಜ್ಜಿ, ಕಾದಾಗ ದುಂಡಾಗುವಂತೆ ಮಾಡುವ ಕ್ರಮ ಬಂದಿತು. ಅಂತಹ ಪಿಸ್ಟನ್ನನ್ನು ಅಳೆಯುವುದಾದರೆ ಕೆಳಭಾಗದಲ್ಲಿ, ಪಿನ್ನಿಗೆ ಲಂಬವಾಗಿ ಅಳೆಯಬೇಕು. ಪಿನ್ನಿನ ನೇರದಲ್ಲಿ ಅಳೆದವನಿಗೆ ಹೊಸ ಪಿಸ್ಟನ್ನೂ ಸವೆದಂತೆ ತೋರುತ್ತದೆ. ಉಪಕರಣವೊಂದೇ ಜ್ಞಾನವಲ್ಲ, ಎಲ್ಲಿ ಅಳೆಯಬೇಕೆಂಬುದು ವಸ್ತುವಿನ ಸ್ವಭಾವವನ್ನು ಅರಿತವನಿಗೆ ಮಾತ್ರ ಗೊತ್ತು.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಮೋಟಾರು ವಾಹನಗಳು ಹೆಚ್ಚಿದಂತೆ ಸಿಲಿಂಡರಿನ ಸವೆತ ದೊಡ್ಡ ಆರ್ಥಿಕ ಸಮಸ್ಯೆಯಾಯಿತು. ಮೇಲ್ಭಾಗದಲ್ಲಿ ಸವೆತ ಹೆಚ್ಚೆಂಬುದು ಎಲ್ಲರಿಗೂ ಗೊತ್ತಿದ್ದಿತು. ಅಲ್ಲಿ ಒತ್ತಡ ಹೆಚ್ಚು, ಎಣ್ಣೆ ಕಡಿಮೆ, ಧೂಳು ಮೊದಲು ಬೀಳುವುದೂ ಅಲ್ಲಿಯೇ. ಆದುದರಿಂದ ಸವೆತವೆಂದರೆ ಉಜ್ಜಾಟವೆಂದೇ ಭಾವಿಸಿ, ಹೆಚ್ಚು ಗಟ್ಟಿಯಾದ ಲೋಹ, ಹೆಚ್ಚು ದಪ್ಪನಾದ ಎಣ್ಣೆ ಇವುಗಳಲ್ಲಿ ಪರಿಹಾರವನ್ನು ಹುಡುಕಿದರು. ಈ ಭಾವನೆಗೆ ಹೊಂದದ ಒಂದು ಸಂಗತಿ ಮಾತ್ರ ಉಳಿದಿದ್ದಿತು. ದಿನವಿಡೀ ಭಾರ ಹೊತ್ತು ದೂರ ಓಡುವ ವಾಹನಕ್ಕಿಂತ, ಊರೊಳಗೆ ಅಷ್ಟಷ್ಟು ದೂರ ಓಡಿ ಮತ್ತೆ ಮತ್ತೆ ನಿಂತು ತಣ್ಣಗಾಗುವ ವಾಹನದ ಸಿಲಿಂಡರು ಮೈಲಿಯ ಲೆಕ್ಕದಲ್ಲಿ ಬಹು ಬೇಗ ಸವೆಯುತ್ತಿದ್ದಿತು. ಉಜ್ಜಾಟವೊಂದೇ ಕಾರಣವಾಗಿದ್ದರೆ ಹೀಗಾಗಕೂಡದು.

ಬ್ರಿಟನ್ನಿನ ಆಟೊಮೊಬೈಲ್ ಎಂಜಿನಿಯರರ ಸಂಸ್ಥೆಯ ಸಂಶೋಧನ ಸಮಿತಿಗಾಗಿ ಸಿ. ಜಿ. ವಿಲಿಯಮ್ಸರು 1930ರ ದಶಕದಲ್ಲಿ ಈ ಪ್ರಶ್ನೆಯನ್ನು ಪ್ರಯೋಗಕ್ಕೆ ಒಡ್ಡಿದರು. ಅವರ ಸಂಶೋಧನೆಗಳ ಸಂಗ್ರಹ 1940ರಲ್ಲಿ ಹೊರಬಂದಿತು. ಸಿಲಿಂಡರಿನ ಗೋಡೆಯ ಉಷ್ಣತೆಯನ್ನು ಬೇರೆ ಬೇರೆ ಮಟ್ಟಗಳಲ್ಲಿ ಹಿಡಿದು ಓಡಿಸಿ ನೋಡಿದಾಗ, ಬಿಸಿಯಾದ ಗೋಡೆಯಲ್ಲಿ ಸವೆತ ಅಲ್ಪವಾಗಿಯೂ, ಸುಮಾರು 80–90 ಡಿಗ್ರಿ ಸೆಂಟಿಗ್ರೇಡಿನ ಕೆಳಕ್ಕೆ ಇಳಿದಂತೆ ಹಲವು ಪಟ್ಟಾಗಿಯೂ ಕಂಡುಬಂದಿತು. ಇದಕ್ಕೆ ಅವರು ಕೊಟ್ಟ ವಿವರಣೆ ಹೀಗಿದೆ. ಇಂಧನ ಉರಿದಾಗ ನೀರಾವಿ ಹುಟ್ಟುತ್ತದೆ. ಗೋಡೆ ತಣ್ಣಗಿದ್ದರೆ ಅದು ಅಲ್ಲಿ ಹನಿಗೂಡಿ, ಉರಿಯುವಿಕೆಯಿಂದಲೇ ಹುಟ್ಟಿದ ಆಮ್ಲಾನಿಲಗಳನ್ನು ಹೀರಿಕೊಂಡು ಕಬ್ಬಿಣವನ್ನು ತಿನ್ನತೊಡಗುತ್ತದೆ. ತುಕ್ಕಿನ ತೆಳುಪೊರೆಯನ್ನು ರಿಂಗು ಒರಸಿಕೊಂಡು ಹೋಗುತ್ತದೆ. ಹೊಸ ಲೋಹ ಬಯಲಾಗುತ್ತದೆ. ಮತ್ತೆ ತುಕ್ಕು ಹಿಡಿಯುತ್ತದೆ. ನಿಮಿಷಕ್ಕೆ ನೂರಾರು ಸಲ ಇದು ನಡೆದರೆ ಆಗುವ ನಷ್ಟ ಸ್ವಲ್ಪವಲ್ಲ. ಸವೆತವೆಂದು ಎಣಿಸಿದ್ದ ಹೆಚ್ಚಿನ ಭಾಗ ತುಕ್ಕೇ ಆಗಿದ್ದಿತು.

ಈ ನಿರ್ಣಯದ ಫಲಗಳು ಬೇಗನೆ ಕಾಣಿಸಿಕೊಂಡುವು. ತಣ್ಣೀರಿನ ಹರಿವನ್ನು ತಡೆದು ಎಂಜಿನ್ನನ್ನು ಬೇಗ ಬಿಸಿಗೇರಿಸುವ ಥರ್ಮೊಸ್ಟಾಟಿಗೆ ಹೊಸ ಸಮರ್ಥನೆ ದೊರೆಯಿತು. ಗಟ್ಟಿತನಕ್ಕಿಂತ ತುಕ್ಕುನಿರೋಧಕತೆಗೆ ಪ್ರಾಧಾನ್ಯವಿತ್ತ ಒಳತೋಳುಗಳು, ಕ್ರೋಮಿಯಮ್ ಲೇಪದ ಸಿಲಿಂಡರುಗಳು ಮತ್ತು ಮೇಲಿನ ರಿಂಗುಗಳು ಬಳಕೆಗೆ ಬಂದುವು. ಹಡಗುಗಳ ದೊಡ್ಡ ಡೀಸೆಲ್ ಎಂಜಿನ್ನುಗಳಲ್ಲಿ ಗಂಧಕ ಹೆಚ್ಚಾದ ಅಗ್ಗದ ಎಣ್ಣೆಯನ್ನು ಉರಿಸತೊಡಗಿದಾಗ ಇದೇ ಪ್ರಶ್ನೆ ದೊಡ್ಡ ಪ್ರಮಾಣದಲ್ಲಿ ತಲೆಯೆತ್ತಿತು. 1950ರ ದಶಕದಲ್ಲಿ ಕ್ಷಾರಗುಣವುಳ್ಳ ಸಿಲಿಂಡರ್ ಎಣ್ಣೆಗಳು ಬಂದು ಗಂಧಕಾಮ್ಲವನ್ನು ಗೋಡೆಯ ಮೇಲೆಯೇ ಶಮನಗೊಳಿಸಿದುವು.

ಹಾಗಾದರೆ ಉಜ್ಜಾಟದ ವಾದವನ್ನು ಪೂರ್ತಿಯಾಗಿ ಕೈಬಿಡಬೇಕೇ? ಕೂಡದು. ವಿಲಿಯಮ್ಸರು ಪ್ರಯೋಗ ನಡೆಸಿದುದು ತಣ್ಣನೆಯ ನಾಡಿನಲ್ಲಿ, ಅಲ್ಲಿನ ವಾಹನಗಳ ಸಮಸ್ಯೆಯನ್ನು ಮುಂದಿಟ್ಟುಕೊಂಡು. ಧೂಳಿನ ರಸ್ತೆಗಳ ಸೆಖೆಯ ನಾಡಿನಲ್ಲಿ ಲೆಕ್ಕ ಬೇರೆಯಾಗುತ್ತದೆ. ಟಿ ಮಾದರಿಯ ಕಾರಿಗೆ ಗಾಳಿ ಸೋಸುವ ಸಾಧನವೇ ಇರಲಿಲ್ಲವೆಂಬುದನ್ನು ನೆನೆದರೆ, ನಮ್ಮ ಹಳ್ಳಿಗಾಡಿನ ದಾರಿಗಳಲ್ಲಿ ಅಂತಹ ಎಂಜಿನ್ನುಗಳು ಎಷ್ಟು ಮಣ್ಣನ್ನು ಉಸಿರಾಡಿದುವೆಂಬುದನ್ನು ಊಹಿಸಬಹುದು. ಪಾಶ್ಚಾತ್ಯ ಗ್ರಂಥಗಳ ತೀರ್ಮಾನವನ್ನು ನಮ್ಮ ಎಂಜಿನ್ನುಗಳಿಗೆ ಯಥಾವತ್ತಾಗಿ ಅನ್ವಯಿಸುವುದು ಉಚಿತವಲ್ಲವೆಂದು ನಾವು ಭಾವಿಸುತ್ತೇವೆ. ಇಲ್ಲಿ ತೀರ್ಪು ಹೇಳಬೇಕಾದುದು ಬಿಚ್ಚಿಟ್ಟ ಎಂಜಿನ್ನೇ.

ಆ ಸಾಕ್ಷ್ಯವನ್ನು ಓದುವ ಬಗೆ ಹೀಗೆ. ಗಾಳಿಯೊಡನೆ ಧೂಳು ಬಂದಿದ್ದರೆ ಮೇಲಿನ ರಿಂಗಿನ ಮುಖ ಹೆಚ್ಚು ಸವೆದು ಮಂಕಾಗಿರುತ್ತದೆ, ಅದರ ಮೇಲೆ ಪಿಸ್ಟನ್ನು ಚಲಿಸುವ ದಿಕ್ಕಿನಲ್ಲಿ ಸಣ್ಣ ಗೀರುಗಳಿರುತ್ತವೆ. ಮೇಲಿನ ತೋಡೂ ಅಗಲವಾಗಿರುತ್ತದೆ. ಕೆಳಗಿನ ಎಣ್ಣೆಯ ರಿಂಗು ಮೇಲಿನದಕ್ಕಿಂತ ಹೆಚ್ಚು ಸವೆದಿದ್ದರೆ ಮಣ್ಣು ಬಂದುದು ಗಾಳಿಯಿಂದಲ್ಲ, ಎಣ್ಣೆಯಿಂದ; ಬೇರಿಂಗುಗಳನ್ನೂ ಆಗ ನೋಡಲೇಬೇಕು. ಗೀರುಗಳಿಲ್ಲದೆ ಏಣು ಮಾತ್ರ ಆಳವಾಗಿದ್ದು, ತಣ್ಣೀರು ಒಳಬರುವ ಕಡೆಯ ಸಿಲಿಂಡರಿನಲ್ಲಿ ಸವೆತ ಅಧಿಕವಾಗಿದ್ದರೆ ತುಕ್ಕಿನ ಕಡೆಗೆ ಸಂಶಯ ಹೊರಳುತ್ತದೆ. ಬಹುಕಾಲ ನಿಂತುಬಿಟ್ಟಿದ್ದ ಎಂಜಿನ್ನಿನಲ್ಲಿ ಪಿಸ್ಟನ್ನು ನಿಂತ ಎತ್ತರದಲ್ಲಿಯೇ ಗೋಡೆಯ ಸುತ್ತ ತುಕ್ಕಿನ ಒಂದು ಪಟ್ಟಿ ಇರುತ್ತದೆ. ಇದು ಓಡಿದುದರ ಗುರುತಲ್ಲ, ಓಡದೆ ಇದ್ದುದರ ಗುರುತು. ರಿಂಗುಗಳು ತೋಡಿನಲ್ಲಿ ಇಂಗಾಲದಿಂದ ಅಂಟಿಕೊಂಡಿದ್ದರೆ ಹೊಗೆಗೂ ಬಲಹೀನತೆಗೂ ಸವೆತವೇ ಕಾರಣವೆನ್ನಲಾಗದು; ಬಿಡಿಸಿ ಶುಚಿಮಾಡಿ ಅಳೆದ ಮೇಲೆಯೇ ಮಾತಾಡಬೇಕು.

ಬಿಚ್ಚುವುದಕ್ಕೆ ಮುಂಚೆ ಮಾಡುವ ಪರೀಕ್ಷೆಗಳೂ ಇದೇ ತರ್ಕಕ್ಕೆ ಸೇರಿದುವು. ಸಿಲಿಂಡರಿನ ಕಂಪ್ರೆಷನ್ನನ್ನು ಮೊದಲು ಹಾಗೆಯೇ ಅಳೆದು, ಅನಂತರ ಒಂದು ಚಮಚ ಎಣ್ಣೆ ಹಾಕಿ ಅಳೆದರೆ, ಅಂಕಿ ಗಣನೀಯವಾಗಿ ಏರಿದಲ್ಲಿ ದೋಷ ರಿಂಗು ಅಥವಾ ಬೋರಿನದು, ಏರದಿದ್ದಲ್ಲಿ ಬಹುಮಟ್ಟಿಗೆ ವಾಲ್ವಿನದು. ಆದರೆ ಈ ಪರೀಕ್ಷೆಯು ರಿಂಗು ಮತ್ತು ಬೋರುಗಳನ್ನು ಪರಸ್ಪರ ಬೇರ್ಪಡಿಸಲಾರದು. ಅಂಕಿ ಕಡಿಮೆಯೆಂದೊಡನೆ ನಮ್ಮ ಗ್ಯಾರೇಜುಗಳಲ್ಲಿ ಹೇಳುವ ‘ಬೋರಿಗೆ ಬಂದಿದೆ’ ಎಂಬ ಮಾತು ಸಾಕ್ಷ್ಯವನ್ನು ಮೀರಿದ ತೀರ್ಪು. ಹಾಗೆಂದು ಸವೆದ ಬೋರಿನಲ್ಲಿ ಸುಮ್ಮನೆ ಹೊಸ ರಿಂಗು ಹಾಕುವುದೂ ಸಲ್ಲದು. ಏಣನ್ನು ತೆಗೆಯದೆ ಹೊಸ ರಿಂಗನ್ನು ಕೂರಿಸಿದರೆ ಅದರ ಚೂಪಾದ ಅಂಚು ಏಣಿಗೆ ಬಡಿದು, ರಿಂಗೋ ತೋಡಿನ ದಡವೋ ಮುರಿಯುತ್ತದೆ. ಅಗಲವಾದ ತೋಡಿನಲ್ಲಿ ಹೊಸ ರಿಂಗು ಕುಣಿದಾಡಿ ಬೇಗ ಹಾಳಾಗುತ್ತದೆ. ನಯವಾಗಿ ಹೊಳಪೇರಿದ ಗೋಡೆಯನ್ನು ಸಾಣೆಯಿಂದ ಅಡ್ಡಗೀರು ಮೂಡುವಂತೆ ಉಜ್ಜದಿದ್ದರೆ ಹೊಸ ರಿಂಗು ಗೋಡೆಗೆ ಹೊಂದಿಕೊಳ್ಳುವುದೇ ಇಲ್ಲ.

ಅಳತೆಯೇ ಶಾಸನವಾಗಿದ್ದ ಒಂದು ಪರಂಪರೆಯ ಪರಿಚಯ ಕರ್ನಾಟಕಕ್ಕೆ ವಿಮಾನದ ಮೂಲಕವೂ ಆಯಿತು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕದ ಸೇನಾ ವಿಮಾನದಳದ ವಶಕ್ಕೆ ಬಂದು, ಯುದ್ಧಕಾಲದಲ್ಲಿ ವಿಮಾನಗಳ ಮತ್ತು ಎಂಜಿನ್ನುಗಳ ದುರಸ್ತಿಯ ದೊಡ್ಡ ಕೇಂದ್ರವಾಯಿತು. ವಿಮಾನದ ಎಂಜಿನ್ನನ್ನು ಹೊಗೆ ಬಂದ ಮೇಲೆ ಬಿಚ್ಚುವುದಿಲ್ಲ. ಗೊತ್ತಾದಷ್ಟು ಗಂಟೆ ಓಡಿದೊಡನೆ ಬಿಚ್ಚಿ, ಪ್ರತಿಯೊಂದು ಭಾಗವನ್ನೂ ಅಳೆದು, ಹೊಸದರ ಮಿತಿ ಮತ್ತು ಸವೆದುದರ ಮಿತಿಗಳ ಪಟ್ಟಿಯೊಡನೆ ಹೋಲಿಸಿ ಉಳಿಸಬೇಕೆ ಬಿಡಬೇಕೆ ಎಂದು ನಿಶ್ಚಯಿಸುತ್ತಾರೆ. ಅಲ್ಲಿ ವ್ಯಕ್ತಿಯ ಅಭಿಪ್ರಾಯಕ್ಕೆ ಎಡೆ ಕಡಿಮೆ. ಈ ಶಿಸ್ತು ವಿಮಾನಕ್ಕೆ ಅನಿವಾರ್ಯ. ಆದರೆ ಪಟ್ಟಿಯು ಎಷ್ಟು ಎಂಬುದನ್ನು ಹೇಳುತ್ತದೆಯೇ ಹೊರತು ಏಕೆ ಎಂಬುದನ್ನು ಹೇಳುವುದಿಲ್ಲ.

ಎಂಜಿನ್ನನ್ನು ಬಿಚ್ಚದೆಯೇ ಏಕೆ ಎಂಬುದನ್ನು ಕೇಳುವ ಉಪಾಯ ಪರಮಾಣು ವಿಜ್ಞಾನದಿಂದ ಬಂದಿತು. ಕ್ಯಾಲಿಫೋರ್ನಿಯಾದ ಸಂಶೋಧಕರಾದ ಪಿನೊಟ್ಟಿ, ಹಲ್ ಮತ್ತು ಮೆಕ್‌ಲಾಫ್ಲಿನ್ 1949ರಲ್ಲಿ ಪ್ರಕಟಿಸಿದ ಲೇಖನ ಇದರಲ್ಲಿ ಪ್ರಸಿದ್ಧವಾದುದು. ರಿಂಗನ್ನು ಪರಮಾಣು ಸ್ಥಾವರದಲ್ಲಿಟ್ಟು ವಿಕಿರಣಶೀಲವಾಗಿಸಿ, ಎಂಜಿನ್ನಿನಲ್ಲಿ ಹಾಕಿ ಓಡಿಸಿ, ಎಣ್ಣೆಗೆ ಸೇರಿದ ಕಬ್ಬಿಣದ ಕಣಗಳ ವಿಕಿರಣವನ್ನು ಎಣಿಸುತ್ತಿದ್ದರು. ವಿಕಿರಣಶೀಲ ಕಬ್ಬಿಣ–59ರ ಅರ್ಧಾಯುಸ್ಸು ಸುಮಾರು 44 ದಿನ. ಪ್ರಯೋಗಕ್ಕೆ ಇದು ಸಾಕಾಗುವಷ್ಟು ದೀರ್ಘ. ತಿಂಗಳುಗಟ್ಟಲೆ ಓಡಿಸಿ ಬಿಚ್ಚಿ ಅಳೆಯುವ ಬದಲು, ತಣ್ಣೀರು ಹಾಯಿಸಿದರೆ ಏನಾಗುತ್ತದೆ, ಗಂಧಕದ ಅಂಶ ಹೆಚ್ಚಿಸಿದರೆ ಏನಾಗುತ್ತದೆ ಎಂಬುದನ್ನು ಕೆಲವೇ ಗಂಟೆಗಳಲ್ಲಿ ನೋಡುವುದು ಸಾಧ್ಯವಾಯಿತು. ಹೆಚ್ಚುಕಡಮೆ ಇದೇ ಕಾಲದಲ್ಲಿ ಅಮೆರಿಕದ ಡೆನ್ವರ್ ಅಂಡ್ ರಿಯೊ ಗ್ರಾಂಡ್ ವೆಸ್ಟರ್ನ್ ರೈಲ್ವೆಯವರು ಡೀಸೆಲ್ ಲೋಕೋಮೋಟಿವಿನ ಎಣ್ಣೆಯನ್ನು ವರ್ಣಪಟಲದಿಂದ ಪರೀಕ್ಷಿಸಿ, ಅದರಲ್ಲಿ ಹೆಚ್ಚಿದ ಲೋಹ ಯಾವುದೆಂಬುದರಿಂದ ಸವೆಯುತ್ತಿರುವ ಭಾಗವನ್ನು ಗುರುತಿಸತೊಡಗಿದರು. ಕ್ರೋಮಿಯಮ್ ಏರಿದರೆ ಲೇಪದ ರಿಂಗಿನ ಅಥವಾ ಸಿಲಿಂಡರಿನ ಮೇಲೆ, ತಾಮ್ರ ಏರಿದರೆ ಬೇರಿಂಗಿನ ಮೇಲೆ ಸಂಶಯ.

ಹಳೆಯ ಎಂಜಿನ್ನುಗಳನ್ನು ನವೀಕರಿಸುವ ಕೆಲಸ ಇಂದು ಉಪಯೋಗಕ್ಕಾಗಿ ಮಾತ್ರವಲ್ಲದೆ ಚರಿತ್ರೆಯ ಸಂರಕ್ಷಣೆಗಾಗಿಯೂ ನಡೆಯುತ್ತಿದೆ. ಇಲ್ಲಿ ಒಂದು ವಿರೋಧವಿದೆ. ಅರವತ್ತು ಎಪ್ಪತ್ತು ವರ್ಷದ ಎಂಜಿನ್ನಿನ ಸಿಲಿಂಡರಿನ ಗೋಡೆಯಲ್ಲಿ ಅದು ಓಡಿದ ದಾರಿ, ಕುಡಿದ ಎಣ್ಣೆ, ನಿಂತ ಮಳೆಗಾಲಗಳ ಗುರುತು ಇರುತ್ತದೆ. ಬೋರು ಮಾಡುವ ಯಂತ್ರ ಒಂದು ಗಂಟೆಯಲ್ಲಿ ಅದನ್ನು ಅಳಿಸಿಹಾಕುತ್ತದೆ. ಶಾಸನದ ಕಲ್ಲನ್ನು ಉಜ್ಜಿ ಹೊಳಪು ಕೊಡಲು ನಾವಾರೂ ಒಪ್ಪುವುದಿಲ್ಲ. ಎಂಜಿನ್ನನ್ನು ಓಡಿಸಲೇಬೇಕೆಂದಿದ್ದರೆ ಉಜ್ಜದೆ ವಿಧಿಯಿಲ್ಲ. ಆದರೆ ಉಜ್ಜುವುದಕ್ಕೆ ಮುಂಚೆ ಪಡಿಯಚ್ಚು ತೆಗೆಯುವುದು ಸಾಧ್ಯ. ಕಾಲೇಜುಗಳ ಕಾರ್ಯಾಗಾರಗಳಲ್ಲಿ ಹಳೆಯ ಎಂಜಿನ್ನುಗಳನ್ನು ಬಿಚ್ಚುವ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು ಇದನ್ನು ಮನಸ್ಸಿನಲ್ಲಿಡಬೇಕೆಂದು ನಮ್ಮ ಕೋರಿಕೆ. ಪ್ರತಿಯೊಂದು ಸಿಲಿಂಡರಿನ ಒಳವ್ಯಾಸವನ್ನು ಏಣಿನ ಕೆಳಗೆ, ನಡುವೆ ಮತ್ತು ಬುಡದಲ್ಲಿ, ಕ್ರ್ಯಾಂಕಿನ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ, ಹೀಗೆ ಆರು ಅಂಕಿಗಳಲ್ಲಿ ಬರೆದಿಡಬೇಕು. ಪಿಸ್ಟನ್ನಿನ ಅಳತೆಯನ್ನೂ, ಮೇಲಿನ ತೋಡಿನಲ್ಲಿ ರಿಂಗಿಗಿರುವ ಸಡಿಲವನ್ನೂ ಅದೇ ಹಾಳೆಯಲ್ಲಿ ಸೇರಿಸಬೇಕು. ತೆಗೆದ ರಿಂಗುಗಳನ್ನು ಗುಜರಿಗೆ ಹಾಕದೆ, ಎಣ್ಣೆ ಸವರಿ, ಯಾವ ಸಿಲಿಂಡರಿನ ಎಷ್ಟನೆಯ ತೋಡಿನದು, ಯಾವ ಮುಖ ಮೇಲಿದ್ದಿತು ಎಂದು ಚೀಟಿ ಕಟ್ಟಿ ಇಡಬೇಕು.